ಶುಗರ್ ಇದೆ ಅಂತ ‘ನೀವೇ ಪೇಪರ್ ಹಾಕಿ’ ಅಂತಿದ್ದಾರೆ, ಏನು ಮಾಡಲಿ?

ಪ್ರಶ್ನೆ (ಹೆಸರು ಬೇಡ ಎಂದ ಸದಸ್ಯೆ, ಬೆಂಗಳೂರು):
ಮೇಡಂ, ನಮಸ್ಕಾರ. ನನಗೆ 28 ವರ್ಷ. ಟೈಪ್ 1 ಡಯಾಬಿಟಿಸ್ ಇದೆ, ಹೈಸ್ಕೂಲಿನಲ್ಲಿದ್ದಾಗಿಂದ ಇನ್ಸುಲಿನ್ ತಗೊಳ್ತಿದ್ದೇನೆ. ಮೂರು ವರ್ಷದಿಂದ ಒಂದು ಕಸ್ಟಮರ್ ಕೇರ್ ಕಂಪನಿಯಲ್ಲಿ ಕೆಲಸ. ಮೊದಲಿದ್ದ ಟೀಮ್ ಲೀಡ್‌ಗೆ ವಿಷಯ ಗೊತ್ತಿತ್ತು, ಏನೂ ತೊಂದರೆ ಇರಲಿಲ್ಲ. ಹೊಸಬರು ಬಂದ ಮೇಲೆ ಎಲ್ಲ ಬದಲಾಯಿತು. ಫ್ಲೋರ್ ಒಳಗೆ ಮೊಬೈಲ್ ಒಯ್ಯುವಂತಿಲ್ಲ, ಲಾಕರ್‌ನಲ್ಲಿಡಬೇಕು. ನನ್ನ ತೋಳಿನ ಸೆನ್ಸರ್ ಶುಗರ್ ಇಳಿದಾಗ ಅಲಾರಂ ಕೊಡುವುದು ಮೊಬೈಲ್‌ಗೇ. ಹೋದ ತಿಂಗಳು ಕಾಲ್ ನಡುವೆ ಕೈ ನಡುಗಿ ಮೈಯೆಲ್ಲ ಬೆವರಿತು. ಎರಡು ಬಿಸ್ಕತ್ತು ತಿಂದೆ. ‘ಡೆಸ್ಕ್‌ನಲ್ಲಿ ತಿಂಡಿ ತಿಂದಿದ್ದೀರಿ’ ಅಂತ ವಾರ್ನಿಂಗ್ ಮೇಲ್ ಬಂತು. ಇನ್ಸುಲಿನ್ ಅನ್ನು ಟಾಯ್ಲೆಟ್‌ನಲ್ಲಿ ನಿಂತು ಹಾಕಿಕೊಳ್ಳುತ್ತೇನೆ. ಈಗ ವಾರಕ್ಕೊಮ್ಮೆ ಬದಲಾಗುವ ಶಿಫ್ಟ್‌ಗೆ ಹಾಕಿದ್ದಾರೆ. ಕಷ್ಟ ಅಂದಿದ್ದಕ್ಕೆ ಎಚ್‌ಆರ್ ಕರೆದು, ‘ನಿಮ್ಮ ಆರೋಗ್ಯಕ್ಕೆ ಈ ಕೆಲಸ ಆಗಿಬರಲ್ಲ, ನೀವೇ ಪೇಪರ್ ಹಾಕಿ, ಒಳ್ಳೆ ರಿಲೀವಿಂಗ್ ಲೆಟರ್ ಕೊಡ್ತೀವಿ’ ಅಂದರು. ಶುಕ್ರವಾರದ ಒಳಗೆ ಹೇಳಬೇಕಂತೆ. ಮನೆಯಲ್ಲಿ ‘ಬಿಟ್ಟುಬಿಡು, ಬೇರೆ ಸಿಗುತ್ತೆ’ ಅಂತಿದ್ದಾರೆ.

ಉತ್ತರ (ಗ್ರೂಪಿನ ಕಾರ್ಮಿಕ ವಕೀಲರು):
ಮೊದಲು ಒಂದು ಮಾತು. ಶುಕ್ರವಾರ ರಾಜೀನಾಮೆ ಕೊಡಬೇಡಿ. ಎಚ್‌ಆರ್ ಅಷ್ಟು ಸಮಾಧಾನದಿಂದ ಮಾತಾಡಿದ್ದಕ್ಕೆ ಕಾರಣ ಇದೆ. ಅವರೇ ತೆಗೆದರೆ ಕಾರಣ ಬರೆದು ಕೊಡಬೇಕಾಗುತ್ತದೆ. ನೀವೇ ಪೇಪರ್ ಹಾಕಿದರೆ ಅವರು ಯಾರಿಗೂ ಉತ್ತರ ಹೇಳಬೇಕಿಲ್ಲ. ರಾಜೀನಾಮೆ ಕೊಟ್ಟ ಮೇಲೆ ನನ್ನ ಬಳಿ ಬರುವವರೇ ಜಾಸ್ತಿ. ಒತ್ತಾಯದಿಂದ ಬರೆಸಿಕೊಂಡರು ಅಂತ ಆಮೇಲೆ ಸಾಬೀತು ಮಾಡುವುದು ಬಹಳ ಕಷ್ಟ.

ಕಾನೂನು ನಿಮಗೆ ಎಷ್ಟು ಆಸರೆ ಕೊಡುತ್ತದೆ ಎಂಬುದನ್ನು ಇದ್ದ ಹಾಗೇ ಹೇಳುತ್ತೇನೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳ ಪಟ್ಟಿ ಇದೆ. ಥಲಸ್ಸೀಮಿಯ, ಹಿಮೋಫೀಲಿಯ, ಪಾರ್ಕಿನ್ಸನ್ ಇವೆ. ಡಯಾಬಿಟಿಸ್ ಇಲ್ಲ. ಎಚ್‌ಐವಿ ಇರುವವರಿಗೆ 2017ರ ಪ್ರತ್ಯೇಕ ಕಾಯ್ದೆ ಇದೆ. ಅದು ಖಾಸಗಿ ಕಂಪನಿಗೂ ಅನ್ವಯಿಸುತ್ತದೆ, ಕೆಲಸದಲ್ಲಿ ತಾರತಮ್ಯ ಮಾಡಬಾರದು ಅಂತ ನೇರವಾಗಿ ಹೇಳುತ್ತದೆ. ಶುಗರ್ ಇರುವವರಿಗೆ ಅಂಥದ್ದೊಂದು ಕಾಯ್ದೆ ಇಲ್ಲ. 2023ರಲ್ಲಿ ಪ್ರಕಟವಾದ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಅಧ್ಯಯನದ ಅಂದಾಜಿನಲ್ಲಿ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಡಯಾಬಿಟಿಸ್ ಇದೆ. ಇಷ್ಟು ಜನರ ಕೆಲಸದ ರಕ್ಷಣೆಗೆ ಒಂದು ಸಾಲಿನ ಕಾನೂನೂ ಇಲ್ಲ ಅನ್ನುವುದು ನನಗೆ ಒಪ್ಪಲಾಗದ ಸಂಗತಿ. ಅಂಗವೈಕಲ್ಯಗಳ ಆ ಪಟ್ಟಿಗೆ ಹೊಸದನ್ನು ಸೇರಿಸುವ ಅಧಿಕಾರ ಕೇಂದ್ರ ಸರ್ಕಾರಕ್ಕೆ ಇದೆ, ಕೇಳುವವರು ಬೇಕು.

ಹಾಗಂತ ನೀವು ಬರಿಗೈಯಲ್ಲಿಲ್ಲ. ನಮ್ಮ ರಾಜ್ಯದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ 39ನೇ ಸೆಕ್ಷನ್ ನೋಡಿ. ಆರು ತಿಂಗಳು ಸತತ ಸೇವೆ ಮಾಡಿದವರನ್ನು ಸರಿಯಾದ ಕಾರಣ ಇಲ್ಲದೆ, ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲು ಸಂಬಳ ಕೊಡದೆ ತೆಗೆಯುವಂತಿಲ್ಲ. ತೆಗೆದರೆ ಮೇಲ್ಮನವಿ ಹಾಕಬಹುದು. ಮ್ಯಾನೇಜ್‌ಮೆಂಟ್ ಹುದ್ದೆಯಲ್ಲಿರುವವರಿಗೆ ಇದು ಇಲ್ಲ, ಆದರೆ ಕಾಲ್ ತಗೊಳ್ಳುವ ನಿಮಗೆ ಇದೆ. ‘ಶುಗರ್ ಇದೆ’ ಅನ್ನುವುದಷ್ಟೇ ಸರಿಯಾದ ಕಾರಣ ಆಗುತ್ತದಾ? ಮೂರು ವರ್ಷ ಟಾರ್ಗೆಟ್ ಮುಟ್ಟಿಸಿದ ದಾಖಲೆ ನಿಮ್ಮ ಕೈಯಲ್ಲಿದ್ದರೆ ಅದನ್ನು ಸಮರ್ಥಿಸುವುದು ಅವರಿಗೆ ಸುಲಭ ಅಲ್ಲ. 1997ರಲ್ಲೇ ಬಾಂಬೆ ಹೈಕೋರ್ಟ್ ಎಚ್‌ಐವಿ ಇದ್ದ ಒಬ್ಬ ದಿನಗೂಲಿ ನೌಕರನ ಪ್ರಕರಣದಲ್ಲಿ, ಕಾಯಿಲೆ ಇದೆ ಅನ್ನುವ ಒಂದೇ ಕಾರಣಕ್ಕೆ ಕೆಲಸ ತಪ್ಪಿಸಬಾರದು, ಆ ಕೆಲಸ ಮಾಡಲು ಶಕ್ತನಾ ಅಂತ ನೋಡಬೇಕು ಎಂದಿತ್ತು. ಅಲ್ಲಿ ಎದುರಿಗಿದ್ದದ್ದು ಸರ್ಕಾರಿ ಒಡೆತನದ ಸಂಸ್ಥೆ. ಆದರೂ ಆ ತರ್ಕ ನಿಮಗೂ ಉಪಯೋಗಕ್ಕೆ ಬರುತ್ತದೆ.

ಈಗ ಕೆಲಸದ ಮಾತು. ಇವತ್ತೇ ಎಚ್‌ಆರ್‌ಗೆ ಮೇಲ್ ಬರೆಯಿರಿ. ಕಷ್ಟಸುಖ ಹೇಳಿಕೊಳ್ಳಬೇಡಿ, ಕರುಣೆ ಕೇಳಬೇಡಿ. ಹೀಗಿರಲಿ:

‘ನನಗೆ ಟೈಪ್ 1 ಡಯಾಬಿಟಿಸ್ ಇರುವ ವಿಷಯ ಕಂಪನಿಗೆ ಮೊದಲಿನಿಂದ ಗೊತ್ತಿದೆ. ಮೂರು ವರ್ಷದಿಂದ ಕೆಲಸ ಸರಿಯಾಗಿ ಮಾಡುತ್ತಿದ್ದೇನೆ. ಇಂಥ ದಿನಾಂಕದ ಮೀಟಿಂಗ್‌ನಲ್ಲಿ ನನ್ನ ಆರೋಗ್ಯದ ಕಾರಣ ಹೇಳಿ ರಾಜೀನಾಮೆ ಕೊಡಲು ತಿಳಿಸಲಾಯಿತು. ರಾಜೀನಾಮೆ ಕೊಡುವ ಉದ್ದೇಶ ನನಗಿಲ್ಲ. ಕೆಲಸ ಮುಂದುವರಿಸಲು ನನಗೆ ನಾಲ್ಕು ಅನುಕೂಲ ಬೇಕು. ಸೆನ್ಸರ್ ಓದಲು ಮೊಬೈಲ್ ಅಥವಾ ರೀಡರ್ ಜೊತೆಗಿಟ್ಟುಕೊಳ್ಳಲು ಅನುಮತಿ, ಡೆಸ್ಕ್‌ನಲ್ಲಿ ಗ್ಲುಕೋಸ್ ಇಡಲು ಅನುಮತಿ, ಇನ್ಸುಲಿನ್ ಹಾಕಿಕೊಳ್ಳಲು ಶುಚಿಯಾದ ಜಾಗ, ವಾರ ವಾರ ಬದಲಾಗದ ಶಿಫ್ಟ್.’

ಮೊಬೈಲ್ ವಿಷಯದಲ್ಲಿ ಅವರು ಹಠ ಹಿಡಿಯುತ್ತಾರೆ. ಗ್ರಾಹಕರ ಮಾಹಿತಿ ಸೋರಿಕೆಯ ಭಯ ಅವರಿಗೂ ನಿಜವಾಗಿ ಇರುತ್ತದೆ. ಅದಕ್ಕೆ ದಾರಿ ನೀವೇ ತೋರಿಸಿ. ಕೆಲವು ಸೆನ್ಸರ್‌ಗಳಿಗೆ ಕ್ಯಾಮೆರಾ ಇಲ್ಲದ ಪ್ರತ್ಯೇಕ ರೀಡರ್ ಸಿಗುತ್ತದೆ. ಅದಿಲ್ಲದಿದ್ದರೆ ಕ್ಯಾಮೆರಾಗೆ ಸೀಲ್ ಅಂಟಿಸಿದ ಮೊಬೈಲ್ ಅನ್ನು ಸೂಪರ್‌ವೈಸರ್ ಡೆಸ್ಕ್ ಮೇಲೆ ಅಲಾರಂ ಕೇಳುವ ಹಾಗೆ ಇಡಬಹುದು.

ಅದೇ ಸದಸ್ಯೆ:
ಧನ್ಯವಾದ ಮೇಡಂ. ಡಾಕ್ಟರ್ ಹತ್ತಿರ ಸರ್ಟಿಫಿಕೇಟ್ ತಂದಿದ್ದೆ. ‘ನೈಟ್ ಶಿಫ್ಟ್‌ಗೆ ಅನ್‌ಫಿಟ್’ ಅಂತ ಬರೆದಿದ್ದಾರೆ. ಅದನ್ನೇ ಹಿಡಿದುಕೊಂಡು ಎಚ್‌ಆರ್, ‘ನೋಡಿ ನಿಮ್ಮ ಡಾಕ್ಟರೇ ಅನ್‌ಫಿಟ್ ಅಂತಿದ್ದಾರೆ’ ಅಂದರು.

ಉತ್ತರ:
ಆ ಒಂದು ಪದದಿಂದ ಎಷ್ಟೋ ಜನರಿಗೆ ಪೆಟ್ಟು ಬಿದ್ದಿದೆ. ಡಾಕ್ಟರ್ ನಿಮ್ಮ ಒಳ್ಳೆಯದಕ್ಕೇ ಬರೆದಿರುತ್ತಾರೆ, ಆದರೆ ಕಂಪನಿ ಓದುವ ರೀತಿಯೇ ಬೇರೆ. ಮತ್ತೊಮ್ಮೆ ಹೋಗಿ ಬೇರೆ ಪತ್ರ ಬರೆಸಿಕೊಳ್ಳಿ. ಮೊದಲ ಸಾಲಿನಲ್ಲೇ ‘ಇವರು ತಮ್ಮ ಈಗಿನ ಹುದ್ದೆಯ ಕೆಲಸ ಮಾಡಲು ವೈದ್ಯಕೀಯವಾಗಿ ಶಕ್ತರು’ ಅಂತ ಇರಬೇಕು. ಆಮೇಲೆ ‘ಈ ಅನುಕೂಲಗಳಿದ್ದರೆ ಸುರಕ್ಷಿತ’ ಅಂತ ಒಂದೊಂದಾಗಿ, ಕಾರಣ ಸಮೇತ. ಉದಾಹರಣೆಗೆ, ಶುಗರ್ 70ಕ್ಕಿಂತ ಕೆಳಗೆ ಇಳಿದರೆ ತಕ್ಷಣ 15 ಗ್ರಾಂನಷ್ಟು ಗ್ಲುಕೋಸ್ ತಗೊಂಡು 15 ನಿಮಿಷ ಬಿಟ್ಟು ಮತ್ತೆ ನೋಡಬೇಕು, ಅದಕ್ಕಾಗಿ ಡೆಸ್ಕ್‌ನಲ್ಲಿ ಗ್ಲುಕೋಸ್ ಬೇಕು. ಇಷ್ಟು ಬರೆದಿದ್ದರೆ ಬಿಸ್ಕತ್ತಿನ ವಾರ್ನಿಂಗ್‌ಗೂ ಅದೇ ಉತ್ತರ ಆಗುತ್ತದೆ. ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್) ರಿಪೋರ್ಟು, ಹಳೆಯ ಫೈಲು ಎಲ್ಲ ಕೊಡುವ ಅಗತ್ಯ ಇಲ್ಲ. ಕೇಳಿದರೆ, ಯಾಕೆ ಬೇಕು ಅಂತ ಬರಹದಲ್ಲಿ ಕೇಳಿ.

ಪ್ರಶ್ನೆ (ಸದಸ್ಯ, ಧಾರವಾಡ):
ಮೇಡಂ, ನಮ್ಮ ಅಪ್ಪಾರು ಒಂದು ಸರ್ಕಾರಿ ನಿಗಮದಾಗ ಡ್ರೈವರ್ ಇದ್ದಾರೆ. 22 ವರ್ಷ ಸರ್ವಿಸ್. ಶುಗರ್‌ದಿಂದ ಕಾಲಿಗೆ ಗಾಯ ಆಗಿ ಬಲಗಾಲಿನ ಮುಂಪಾದ ತೆಗೆದಾರ್ರಿ. ಈಗ ವಿಆರ್‌ಎಸ್ (ಸ್ವಯಂ ನಿವೃತ್ತಿ) ತಗೋರಿ ಅಂತ ಗಂಟುಬಿದ್ದಾರ. ಇನ್ನೂ ಆರು ವರ್ಷ ಸರ್ವಿಸ್ ಐತಿ.

ಉತ್ತರ:
ನಿಮ್ಮ ತಂದೆಯವರ ವಿಷಯದಲ್ಲಿ ಕಾನೂನು ತುಂಬಾ ಗಟ್ಟಿಯಾಗಿದೆ. ಡಯಾಬಿಟಿಸ್ ಪಟ್ಟಿಯಲ್ಲಿ ಇಲ್ಲದಿದ್ದರೂ, ಅದರಿಂದ ಕಾಲು ಹೋದರೆ ಚಲನ ಅಂಗವೈಕಲ್ಯ, ಕಣ್ಣು ಮಂಜಾದರೆ ದೃಷ್ಟಿದೋಷ ಅಂತ ಆ ಕಾಯ್ದೆಯೊಳಗೆ ಬರಬಹುದು. 2016ರ ಕಾಯ್ದೆಯ 20(4)ನೇ ಸೆಕ್ಷನ್ ಪ್ರಕಾರ ಸರ್ಕಾರಿ ಸಂಸ್ಥೆ, ಸೇವೆಯಲ್ಲಿದ್ದಾಗ ಅಂಗವೈಕಲ್ಯ ಬಂದವರನ್ನು ತೆಗೆಯುವಂತಿಲ್ಲ, ಹುದ್ದೆಯಲ್ಲಿ ಇಳಿಸುವಂತೆಯೂ ಇಲ್ಲ. ಬಸ್ಸು ಓಡಿಸಲು ಆಗದಿದ್ದರೆ ಅದೇ ವೇತನ ಶ್ರೇಣಿಯ, ಅದೇ ಸವಲತ್ತಿನ ಬೇರೆ ಹುದ್ದೆ ಕೊಡಬೇಕು. ಅಂಥ ಹುದ್ದೆ ಖಾಲಿ ಇಲ್ಲದಿದ್ದರೆ, ಸಿಗುವವರೆಗೆ ಅಥವಾ ನಿವೃತ್ತಿಯವರೆಗೆ ಹೆಚ್ಚುವರಿ ಹುದ್ದೆ ಸೃಷ್ಟಿಸಿ ಇಟ್ಟುಕೊಳ್ಳಬೇಕು. ನಿಗಮಗಳೂ ಇದಕ್ಕೆ ಒಳಪಡುತ್ತವೆ.

2003ರಲ್ಲಿ ಕುನಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದೇ. ಅವರು ಕಾನ್‌ಸ್ಟೇಬಲ್. ಡ್ಯೂಟಿಯಲ್ಲಿ ಕಾಲಿಗೆ ಪೆಟ್ಟಾಗಿ, ಗ್ಯಾಂಗ್ರೀನ್ ಆಗಿ ಕಾಲು ತೆಗೆದಿದ್ದರು. ಇಲಾಖೆ ಅಶಕ್ತ ಅಂತ ಸೇವೆಯಿಂದ ಬಿಡಿಸಿತ್ತು. ಹಳೆಯ 1995ರ ಕಾಯ್ದೆಯಲ್ಲಿದ್ದ ಇಂಥದ್ದೇ ರಕ್ಷಣೆಯನ್ನು ಎತ್ತಿಹಿಡಿದು ಕೋರ್ಟ್ ಅವರ ಪರ ತೀರ್ಪು ಕೊಟ್ಟಿತು.

ವಿಆರ್‌ಎಸ್ ಅರ್ಜಿಗೆ ಸಹಿ ಹಾಕಬೇಡಿ ಅಂತ ತಂದೆಯವರಿಗೆ ಇವತ್ತೇ ಹೇಳಿ. ಜಿಲ್ಲಾ ಆಸ್ಪತ್ರೆಯ ಮೂಲಕ ಅಂಗವೈಕಲ್ಯ ಪ್ರಮಾಣಪತ್ರ ಮತ್ತು ಯುಡಿಐಡಿ ಕಾರ್ಡಿಗೆ (ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ) ಅರ್ಜಿ ಹಾಕಿ. ಪರ್ಯಾಯ ಹುದ್ದೆ ಕೋರಿ ಪತ್ರ ಕೊಟ್ಟು, ಸ್ವೀಕೃತಿ ಸೀಲ್ ಇರುವ ಪ್ರತಿ ಇಟ್ಟುಕೊಳ್ಳಿ. ಉತ್ತರ ಬರದಿದ್ದರೆ ಅಂಗವಿಕಲ ವ್ಯಕ್ತಿಗಳ ರಾಜ್ಯ ಆಯುಕ್ತರಿಗೆ ದೂರು ಕೊಡಬಹುದು.

ಪ್ರಶ್ನೆ (ಸದಸ್ಯ, ಮೈಸೂರು):
ಇಂಟರ್‌ವ್ಯೂ ಪಾಸಾಗಿದೆ. ಜಾಯಿನಿಂಗ್ ಫಾರ್ಮ್‌ನಲ್ಲಿ ‘ಯಾವುದಾದರೂ ದೀರ್ಘಕಾಲದ ಕಾಯಿಲೆ ಇದೆಯೇ’ ಅಂತ ಕಾಲಂ ಇದೆ. ಟೈಪ್ 2 ಇದೆ, ಮಾತ್ರೆ ಮಾತ್ರ. ‘ಇಲ್ಲ’ ಅಂತ ಹಾಕಿಬಿಡಲಾ?

ಉತ್ತರ:
ಬೇಡ. ಕೇಳದಿದ್ದರೆ ನೀವಾಗಿ ಹೇಳುವ ಅಗತ್ಯ ಇಲ್ಲ. ಕೇಳಿದಾಗ ಸುಳ್ಳು ಬರೆದರೆ, ನಾಳೆ ಬೇರೆ ಯಾವುದೋ ಜಗಳದಲ್ಲಿ ‘ಮಾಹಿತಿ ಮುಚ್ಚಿಟ್ಟರು’ ಅಂತ ಅದನ್ನೇ ಕಾರಣ ಮಾಡಿ ತೆಗೆಯುತ್ತಾರೆ. ಆಗ ನಿಮ್ಮ ಪರ ವಾದಿಸುವುದು ನನಗೂ ಕಷ್ಟ. ‘ಇದೆ, ಮಾತ್ರೆಯಿಂದ ಹತೋಟಿಯಲ್ಲಿದೆ, ಈ ಹುದ್ದೆಯ ಕೆಲಸಕ್ಕೆ ಅಡ್ಡಿ ಇಲ್ಲ’ ಅಂತ ಒಂದೇ ಸಾಲು ಬರೆದು, ಜೊತೆಗೆ ಡಾಕ್ಟರ್ ಫಿಟ್‌ನೆಸ್ ಪತ್ರ ಇಡಿ. ಆಫರ್ ಲೆಟರ್ ಬರಹದಲ್ಲಿ ಕೈಗೆ ಬಂದ ಮೇಲೆ ಕೊಟ್ಟರೆ ಒಳ್ಳೆಯದು. ಆಮೇಲೆ ಆಫರ್ ಹಿಂದೆಗೆದುಕೊಂಡರೆ ಕಾರಣ ಯಾವುದು ಅಂತ ಕಣ್ಣಿಗೆ ಕಾಣುತ್ತದೆ.

ಸದಸ್ಯೆ (ಅಮೆರಿಕದಲ್ಲಿರುವ ಕನ್ನಡತಿ):
ಮೊದಲ ಪ್ರಶ್ನೆಯ ಬಿಸ್ಕತ್ತಿನ ಕಥೆ ಓದಿ ಇಲ್ಲಿನ ಒಂದು ಕೇಸು ನೆನಪಾಯಿತು. ಟೆನೆಸಿ ರಾಜ್ಯದ ಡಾಲರ್ ಜನರಲ್ ಅಂಗಡಿಯ ಕ್ಯಾಷಿಯರ್ ಒಬ್ಬರಿಗೆ ಡಯಾಬಿಟಿಸ್. ಕೌಂಟರ್ ಹತ್ತಿರ ಜ್ಯೂಸ್ ಇಟ್ಟುಕೊಳ್ಳಲಾ ಅಂತ ಕೇಳಿದ್ದಕ್ಕೆ ಬೇಡ ಅಂದಿದ್ದರು. ಒಬ್ಬರೇ ಇದ್ದಾಗ ಶುಗರ್ ಇಳಿಯಿತು. ಅಂಗಡಿಯದ್ದೇ ಕಿತ್ತಳೆ ಜ್ಯೂಸ್ ಕುಡಿದು ಆಮೇಲೆ 1.69 ಡಾಲರ್ ಕಟ್ಟಿದರು. ಎರಡು ಸಲ ಹೀಗಾಗಿತ್ತು. ದುಡ್ಡು ಕೊಡುವ ಮೊದಲು ಕುಡಿದರು ಅಂತ ಕೆಲಸದಿಂದ ತೆಗೆದರು. 2016ರಲ್ಲಿ ಜ್ಯೂರಿ ಅವರಿಗೆ 2,77,565 ಡಾಲರ್ ಕೊಡಿಸಿತು, 2018ರಲ್ಲಿ ಮೇಲಿನ ಕೋರ್ಟೂ ಒಪ್ಪಿತು.

ಉತ್ತರ:
ಹೌದು, ಅಲ್ಲಿ ಡಯಾಬಿಟಿಸ್ ಇರುವವರಿಗೆ ಅಂಗವಿಕಲರ ಕಾನೂನಿನ ರಕ್ಷಣೆ ಸಿಗುತ್ತದೆ. ಅನುಕೂಲ ಕೇಳಿದಾಗ ಕೊಡದೆ, ಆಮೇಲೆ ನಿಯಮ ಮುರಿದರು ಅಂತ ಶಿಕ್ಷಿಸಿದ್ದು ಅಂಗಡಿಗೆ ಮುಳುವಾಯಿತು. ನಮ್ಮಲ್ಲಿ ಅಷ್ಟು ದೊಡ್ಡ ಪರಿಹಾರದ ಆಸೆ ನಾನು ಹುಟ್ಟಿಸುವುದಿಲ್ಲ. ಆದರೆ ದಾರಿ ಮುಚ್ಚಿಲ್ಲ. 2021ರ ವಿಕಾಸ್ ಕುಮಾರ್ ಪ್ರಕರಣದಲ್ಲಿ, ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆ ಇದ್ದ ಅಭ್ಯರ್ಥಿಗೆ ಯುಪಿಎಸ್‌ಸಿ ಪರೀಕ್ಷೆಯಲ್ಲಿ ಅವರ ಪರವಾಗಿ ಬರೆಯುವವರನ್ನು ಕೊಡಲು, ಅಂಗವೈಕಲ್ಯ ಕನಿಷ್ಠ ಶೇ 40 ಇರಬೇಕು ಅನ್ನುವ ಮಿತಿ ಅಡ್ಡ ತರಬಾರದು ಅಂತ ಸುಪ್ರೀಂ ಕೋರ್ಟ್ ಹೇಳಿತು. ಡಯಾಬಿಟಿಸ್ ಬಗ್ಗೆ ಇದೇ ವಾದವನ್ನು ಯಾರಾದರೂ ಗಟ್ಟಿಯಾಗಿ ಮುಂದಿಡಬೇಕು ಅನ್ನುವುದು ನನ್ನ ಅಭಿಪ್ರಾಯ. ಸಿಬಿಎಸ್‌ಇ 2017ರಲ್ಲೇ ಟೈಪ್ 1 ಡಯಾಬಿಟಿಸ್ ಇರುವ ಮಕ್ಕಳಿಗೆ ಪರೀಕ್ಷಾ ಕೊಠಡಿಯೊಳಗೆ ಸಕ್ಕರೆ ಮಾತ್ರೆ, ಹಣ್ಣು, ನೀರು ಒಯ್ಯಲು ಬಿಟ್ಟಿದೆ. ಬೋರ್ಡ್ ಪರೀಕ್ಷೆಯಲ್ಲಿ ಆಗುವುದು ಕಾಲ್ ಸೆಂಟರಿನಲ್ಲಿ ಯಾಕೆ ಆಗಬಾರದು?

ಪ್ರಶ್ನೆ (ಸದಸ್ಯೆ, ರಾಮನಗರ):
ನಮ್ಮಕ್ಕ ಗಾರ್ಮೆಂಟ್ಸ್‌ಗೆ ಹೋಗ್ತಾಳೆ. ಶುಗರ್ ಇರೋದ್ರಿಂದ ಪದೇ ಪದೇ ಬಾತ್‌ರೂಮಿಗೆ ಹೋಗಬೇಕು. ಸೂಪರ್‌ವೈಸರ್ ಬಯ್ತಾರೆ ಅಂತ ನೀರೇ ಕುಡಿಯಲ್ಲ. ರಜೆ ಹಾಕಿದರೆ ಕೆಲಸ ಹೋಗುತ್ತೆ ಅಂತ ಭಯ. ಇಎಸ್‌ಐ (ಕಾರ್ಮಿಕರ ಸರ್ಕಾರಿ ವಿಮೆ) ಇದೆ.

ಉತ್ತರ:
ನೀರು ಬಿಡುವುದು ಅಪಾಯ. ಶುಗರ್ ಜಾಸ್ತಿ ಇದ್ದಾಗ ಮೈಯಲ್ಲಿ ನೀರು ಬೇಗ ಕಡಿಮೆಯಾಗುತ್ತದೆ, ಮೊದಲು ಅದನ್ನು ನಿಲ್ಲಿಸಲು ಹೇಳಿ. ಇಎಸ್‌ಐ ಡಾಕ್ಟರ್ ರಜೆಗೆ ಸರ್ಟಿಫಿಕೇಟ್ ಕೊಟ್ಟರೆ, ಷರತ್ತು ಪೂರೈಸಿದವರಿಗೆ ವರ್ಷಕ್ಕೆ 91 ದಿನದವರೆಗೆ ಸಂಬಳದ ಶೇ 70ರಷ್ಟು ಸಿಗುತ್ತದೆ. 1948ರ ಇಎಸ್‌ಐ ಕಾಯ್ದೆಯ 73ನೇ ಸೆಕ್ಷನ್, ಈ ಹಣ ಪಡೆಯುವ ಅವಧಿಯಲ್ಲಿ ಕೆಲಸದಿಂದ ತೆಗೆಯುವುದನ್ನೇ ತಡೆಯಲು ಬಂದದ್ದು. 2025ರ ನವೆಂಬರ್ 21ರಿಂದ ಹಳೆಯ ಕಾರ್ಮಿಕ ಕಾಯ್ದೆಗಳ ಬದಲು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿರುವುದರಿಂದ, ಪತ್ರದಲ್ಲಿ ಸೆಕ್ಷನ್ ನಂಬರ್ ಹಾಕುವ ಮೊದಲು ಯಾರಾದರೂ ವಕೀಲರಿಗೆ ತೋರಿಸಿ. ದುಡ್ಡಿನ ಚಿಂತೆ ಬೇಡ. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ, ಇಲ್ಲದಿದ್ದರೆ 15100ಕ್ಕೆ ಫೋನ್ ಮಾಡಿ. ಅಕ್ಕನ ಫ್ಯಾಕ್ಟರಿಯಲ್ಲಿ ಯೂನಿಯನ್ ಇದ್ದರೆ ಅವರ ಮೂಲಕವೇ ಕೇಳಿ. ಒಬ್ಬಳೇ ಹೋಗಿ ಸೂಪರ್‌ವೈಸರ್ ಹತ್ತಿರ ಮಾತಾಡುವುದಕ್ಕಿಂತ ಅದು ಮೇಲು.

ಮೊದಲ ಪ್ರಶ್ನೆ ಕೇಳಿದ ಸದಸ್ಯೆ:
ಮೇಡಂ, ಮೇಲ್ ಕಳಿಸಿದೆ, ಹೊಸ ಸರ್ಟಿಫಿಕೇಟೂ ಇಟ್ಟೆ. ಎಚ್‌ಆರ್ ಫೋನ್ ಮಾಡಿ, ‘ಇದನ್ನೆಲ್ಲ ಮೇಲ್‌ನಲ್ಲಿ ಯಾಕೆ ಹಾಕಿದ್ರಿ, ಸೋಮವಾರ ಬಂದು ಮಾತಾಡಿ’ ಅಂದರು. ಧ್ವನಿ ಮೊದಲಿನ ಹಾಗೆ ಇರಲಿಲ್ಲ.

ಉತ್ತರ:
ಹೋಗಿ. ಮಾತಿಗೆ ಬಂದಿದ್ದಾರೆ ಅಂದರೆ ಒಳ್ಳೆಯದೇ. ನಾಲ್ಕರಲ್ಲಿ ಎರಡಕ್ಕೆ ಒಪ್ಪಿದರೂ ತಗೊಳ್ಳಿ. ಮೊಬೈಲ್ ಮತ್ತು ಗ್ಲುಕೋಸ್ ಮಾತ್ರ ಬಿಟ್ಟುಕೊಡಬೇಡಿ, ಅದು ಜೀವದ ಪ್ರಶ್ನೆ. ಶಿಫ್ಟ್ ವಿಷಯದಲ್ಲಿ ಒಂದು ತಿಂಗಳಾದರೂ ಒಂದೇ ಸಮಯ ಇರಲಿ ಅಂತ ಕೇಳಿ, ಇನ್ಸುಲಿನ್ ಲೆಕ್ಕ ಕೂರಿಸಿಕೊಳ್ಳಲು ಅಷ್ಟಾದರೂ ಬೇಕು. ಅಲ್ಲೇ ಯಾವ ಕಾಗದಕ್ಕೂ ಸಹಿ ಹಾಕಬೇಡಿ, ಮನೆಗೆ ತಂದು ಓದಿ. ಮೀಟಿಂಗ್ ಮುಗಿದ ಸಂಜೆಯೇ ‘ಇವತ್ತು ಇಷ್ಟಕ್ಕೆ ಒಪ್ಪಿದ್ದೀರಿ’ ಅಂತ ಮೇಲ್ ಹಾಕಿ. ಹಳೆಯ ಅಪ್ರೈಸಲ್, ವಾರ್ನಿಂಗ್ ಮೇಲ್, ಸಂಬಳದ ಚೀಟಿ ಇವುಗಳ ಪ್ರತಿ ನಿಮ್ಮ ಹತ್ತಿರ ಇರಲಿ, ಗ್ರಾಹಕರ ಮಾಹಿತಿ ಇರುವ ಯಾವುದನ್ನೂ ಹೊರಗೆ ತರಬೇಡಿ. ಒಪ್ಪದಿದ್ದರೆ ಸೋಮವಾರ ರಾತ್ರಿಯೇ ಇಲ್ಲಿ ಬರೆಯಿರಿ, ಮುಂದಿನ ನೋಟಿಸ್ ಹೇಗಿರಬೇಕು ಅಂತ ಹೇಳುತ್ತೇನೆ.