ಓದೋಕೆ ಅಂತ ಮಾತ್ರೆ ತಗೊಂಡವರು ಯಾರಾದರೂ ಇದ್ದೀರಾ?

ಕೇಳಿದ್ದು: ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡು ಕೆಎಎಸ್‌ಗೆ ಓದುತ್ತಿದ್ದೇನೆ. ರೂಮಿನ ಗೆಳೆಯ ಎಲ್ಲಿಂದಲೋ ಮೊಡಾಫಿನಿಲ್ ಅಂತ, ಅತಿಯಾಗಿ ನಿದ್ದೆ ಬರೋ ಕಾಯಿಲೆಗೆ ಕೊಡೋ ಮಾತ್ರೆ ತಂದಿದ್ದಾನೆ. ನಿದ್ದೆ ಬರಲ್ಲ, ತಲೆ ಚುರುಕಾಗುತ್ತೆ ಅಂತಾನೆ. ನನಗೆ ಯಾವ ಕಾಯಿಲೆಯೂ ಇಲ್ಲ. ಕಾಫಿಗಿಂತ ಜಾಸ್ತಿ ಕೆಲಸ ಮಾಡುತ್ತಾ? ಅನುಭವ ಇದ್ದವರು ಹೇಳಿ.

ಹಳೇ ಎಂಜಿನಿಯರ್: ಕೊನೆ ವರ್ಷದ ಪರೀಕ್ಷೆಗೆ ನಾನೂ ಒಂದು ನುಂಗಿದ್ದೆ ತಮ್ಮಾ. ರಾತ್ರಿಯಿಡೀ ಎಚ್ಚರ ಇದ್ದೆ, ಸುಳ್ಳು ಹೇಳಲ್ಲ. ಆದರೆ ಏನು ಮಾಡಿದೆ ಗೊತ್ತಾ? ಒಂದೇ ಅಧ್ಯಾಯದ ನೋಟ್ಸನ್ನು ಮೂರು ಬಣ್ಣದ ಪೆನ್ನಿನಲ್ಲಿ ಮತ್ತೆ ಬರೆದೆ! ಬೆಳಿಗ್ಗೆ ಏನೋ ಭಾರಿ ಸಾಧಿಸಿದ ಹಾಗಿತ್ತು. ಉಳಿದ ನಾಲ್ಕು ಅಧ್ಯಾಯ ಮುಟ್ಟಿರಲೇ ಇಲ್ಲ. ಮಧ್ಯಾಹ್ನ ತಲೆನೋವು ಬೇರೆ.

ಫಾರ್ಮಕಾಲಜಿ ಟೀಚರ್: ಅವರು ಹೇಳಿದ್ದು ತಮಾಷೆ ಅಂದುಕೊಳ್ಳಬೇಡಿ. ಮೆಲ್ಬರ್ನ್‌ನಲ್ಲಿ 40 ಜನ ಆರೋಗ್ಯವಂತರ ಮೇಲೆ ಇಂಥದ್ದೇ ಪ್ರಯೋಗ ನಡೆದಿದೆ, 2023ರಲ್ಲಿ ಪ್ರಕಟವಾಯಿತು. ಚೀಲಕ್ಕೆ ಇಷ್ಟೇ ಭಾರ ಹಿಡಿಯುತ್ತೆ, ಯಾವ ಸಾಮಾನು ತುಂಬಿದರೆ ಬೆಲೆ ಜಾಸ್ತಿ ಅನ್ನೋ ಲೆಕ್ಕ. ಒಂದು ದಿನ ಮೊಡಾಫಿನಿಲ್, ಒಂದು ದಿನ ಮೀಥೈಲ್‌ಫೆನಿಡೇಟ್, ಒಂದು ದಿನ ಡೆಕ್ಸ್‌ಆಂಫೆಟಮಿನ್ (ಇವೆರಡೂ ಗಮನ ನಿಲ್ಲದ ಸಮಸ್ಯೆಗೆ ಕೊಡೋ ಔಷಧ), ಒಂದು ದಿನ ಔಷಧವೇ ಇಲ್ಲದ ಖಾಲಿ ಮಾತ್ರೆ. ಔಷಧದ ದಿನ ಜನ ಜಾಸ್ತಿ ಹೊತ್ತು ಕೂತರು, ಸಾಮಾನು ತೆಗೆದು ಹಾಕಿ ಒದ್ದಾಡಿದರು. ಗುಣಮಟ್ಟ ಮಾತ್ರ ಇಳಿಯಿತು. ಖಾಲಿ ಮಾತ್ರೆಯ ದಿನ ಚೆನ್ನಾಗಿ ಮಾಡಿದವರೇ ಔಷಧದ ದಿನ ಹೆಚ್ಚು ಹಿಂದೆ ಬಿದ್ದರು.

ಜರ್ಮನಿಯವರು 39 ಚೆಸ್ ಆಟಗಾರರನ್ನು ಕಂಪ್ಯೂಟರ್ ಎದುರು ಕೂರಿಸಿದ್ದರು. ಮೊಡಾಫಿನಿಲ್, ಮೀಥೈಲ್‌ಫೆನಿಡೇಟ್, ಕೆಫೀನ್ ಮೂರನ್ನೂ ಹೋಲಿಸಿ ನೋಡಿದರು. ಮಾತ್ರೆ ತಗೊಂಡವರು ಒಂದೊಂದು ನಡೆಗೂ ಜಾಸ್ತಿ ಯೋಚಿಸಿದರು, ಗಡಿಯಾರ ಮುಗಿದು ಸೋತರು. ಟೈಮ್ ಮುಗಿದ ಆಟ ಬಿಟ್ಟರೆ ಸ್ವಲ್ಪ ಲಾಭ ಕಂಡಿತು, ಇಲ್ಲ ಅನ್ನಲ್ಲ. ಆದರೆ ನಿಮ್ಮ ಪ್ರಿಲಿಮ್ಸ್‌ನಲ್ಲಿ 120 ನಿಮಿಷಕ್ಕೆ 100 ಪ್ರಶ್ನೆ, ಅಲ್ವಾ? ಗಡಿಯಾರ ಬಿಟ್ಟು ಲೆಕ್ಕ ಹಾಕೋಕೆ ಬರಲ್ಲ.

ಇನ್ನು, ಮೊಡಾಫಿನಿಲ್ ಡಾಕ್ಟರ್ ಚೀಟಿ ಇಲ್ಲದೆ ಮಾರುವಂತಿಲ್ಲ. ಮೀಥೈಲ್‌ಫೆನಿಡೇಟ್ ಅಂತೂ ಮಾದಕ ವಸ್ತು ತಡೆಯೋ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಯಲ್ಲೇ ಇದೆ.

ನೈಟ್ ಡ್ಯೂಟಿ ನರ್ಸ್: ಚುರುಕು ಮಾಡೋ ಮಾತ್ರೆ ಬಿಡಿ, ಮಂದ ಮಾಡೋದನ್ನೂ ನೋಡಿಕೊಳ್ಳಿ. ಇಲಾಖೆ ಪರೀಕ್ಷೆ ದಿನ ನೆಗಡಿ ಅಂತ ಹಳೇ ಥರದ ಅಲರ್ಜಿ ಮಾತ್ರೆ ತಗೊಂಡಿದ್ದೆ. ನಿದ್ದೆ ಬರಲಿಲ್ಲ, ಏನೂ ಆಗಿಲ್ಲ ಅಂದುಕೊಂಡೆ. ಓಎಂಆರ್ ಶೀಟ್‌ನಲ್ಲಿ ಒಂದು ಸಾಲು ತಪ್ಪಿ ಹನ್ನೊಂದು ಉತ್ತರ ತುಂಬಿದ್ದೆ. ಅಮೆರಿಕದ ಅಯೋವಾದಲ್ಲಿ ಡ್ರೈವಿಂಗ್ ಸಿಮ್ಯುಲೇಟರ್‌ನಲ್ಲಿ 40 ಜನರನ್ನು ಪರೀಕ್ಷಿಸಿದಾಗ ಡೈಫೆನ್‌ಹೈಡ್ರಮಿನ್ ಅನ್ನೋ ಇಂಥದ್ದೇ ಹಳೇ ಥರದ ಅಲರ್ಜಿ ಔಷಧ ತಗೊಂಡವರ ಡ್ರೈವಿಂಗ್ ಕುಡಿದವರಿಗಿಂತ ಕೆಟ್ಟದಾಗಿತ್ತು. ತೂಕಡಿಕೆ ಬರ್ತಿದೆಯಾ ಅಂತ ಅವರನ್ನೇ ಕೇಳಿದರೆ ಅದರಿಂದ ಏನೂ ಗೊತ್ತಾಗುತ್ತಿರಲಿಲ್ಲ.

ಕೇಳಿದವನು: ಹಾಗಾದರೆ ಕಾಫಿನೇ ಸಾಕಾ ಮೇಡಂ?

ಫಾರ್ಮಕಾಲಜಿ ಟೀಚರ್: ನಿದ್ದೆಗೆಟ್ಟವರಿಗೆ ಕೆಫೀನ್ ಕಡಿಮೆಯೇನಲ್ಲ. ಅಮೆರಿಕ ಸೇನೆಯ ವಾಲ್ಟರ್ ರೀಡ್ ಸಂಸ್ಥೆಯವರು ದಿನಗಟ್ಟಲೆ ಎಚ್ಚರ ಇಟ್ಟು ನೋಡಿದಾಗ, ದೊಡ್ಡ ಪ್ರಮಾಣದ ಕೆಫೀನ್ ಕೂಡ ಮೊಡಾಫಿನಿಲ್‌ನಂತೆ ಎಚ್ಚರ ಮರಳಿಸಿತ್ತು. ಆದರೆ ಸಂಜೆ ಮೇಲೆ ಬೇಡ. ಮಲಗೋಕೆ 6 ಗಂಟೆ ಮುಂಚೆ 400 ಮಿಲಿಗ್ರಾಂ ತಗೊಂಡವರ ನಿದ್ದೆ ಒಂದು ಗಂಟೆಗೂ ಜಾಸ್ತಿ ಕಡಿಮೆಯಾಗಿತ್ತು. ರಾತ್ರಿ 11ಕ್ಕೆ ಮಲಗುತ್ತೀರಿ ಅಂದರೆ ಕೊನೆ ಕಾಫಿ ಮಧ್ಯಾಹ್ನದ ಊಟ ಆದ ಮೇಲೆ, ಅಷ್ಟೇ. ಆ ಮಾತ್ರೆ ಗೆಳೆಯನಿಗೇ ವಾಪಸ್ ಕೊಡಿ, ಅವನಿಗೂ ಇದನ್ನು ಓದೋಕೆ ಹೇಳಿ.