‘ಕಡಿಮೆ ಓಮ್’ ಅಂದರೆ ಜಾಸ್ತಿ ಕಾವು: ವೇಪ್ ಕೈಪಿಡಿಗೆ ಕನ್ನಡದ ಪದಗಳು ಬೇಕಾಗಿವೆ

ಎಲ್ಲರಿಗೂ ನಮಸ್ಕಾರ,

ದಾವಣಗೆರೆಯಿಂದ ಬರೆಯುತ್ತಿದ್ದೇನೆ. ಒಂದು ಸಣ್ಣ ಕೈಪಿಡಿಯನ್ನು ಕನ್ನಡದಲ್ಲಿ ಬರೆಯಲು ಕೂತಿದ್ದೇನೆ. ಅರ್ಧ ಮುಗಿದಿದೆ, ಉಳಿದರ್ಧ ಸರಿಯಾದ ಪದ ಸಿಗದೆ ನಿಂತಿದೆ. ವಿಷಯ ವೇಪ್, ಅಂದರೆ ಎಲೆಕ್ಟ್ರಾನಿಕ್ ಸಿಗರೇಟು. ಹೊಸಬರು ಯಾವ ಕಾಯಿಲ್ (ಒಳಗಿನ ದ್ರವವನ್ನು ಕಾಯಿಸುವ ಭಾಗ) ಹಾಕಬೇಕು, ಎಷ್ಟು ವ್ಯಾಟ್‌ಗೆ ಇಟ್ಟುಕೊಳ್ಳಬೇಕು ಅನ್ನುವುದನ್ನು ತಿಳಿಸುವ ಕೈಪಿಡಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಚರ್ಚೆ ಆ ಕಡೆಗೇ ವಾಲುತ್ತದೆ. ನಮ್ಮಲ್ಲಿ ಇದಕ್ಕೆ ನಿಷೇಧವಿದೆ. ಕರ್ನಾಟಕದಲ್ಲಿ 2016ರಲ್ಲೇ ಬಂತು, 2019ರಲ್ಲಿ ಇಡೀ ದೇಶಕ್ಕೆ ಕಾನೂನಾಯಿತು. ತಯಾರಿಸಿದರೂ, ತರಿಸಿದರೂ, ಮಾರಿದರೂ ಜೈಲು, ದಂಡ ಇದೆ. ಕೈಪಿಡಿ ಬೇಕಾಗಿರುವುದು ಇಂಗ್ಲೆಂಡಿನಲ್ಲಿ ಮಗನ ಮನೆಯಲ್ಲಿರುವ ನಮ್ಮ ಭಾವನವರಿಗೆ. ಹತ್ತಿ ಗಿರಣಿಗಳ ಕಾಲದಲ್ಲಿ ನಮ್ಮೂರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರು. ಆ ಗಿರಣಿಯಲ್ಲೇ ದುಡಿದ ಮನುಷ್ಯ ಈಗ ಅಸಲಿ ಮ್ಯಾಂಚೆಸ್ಟರ್‌ನಲ್ಲಿದ್ದಾರೆ. ಬೀಡಿಯಿಂದ ಶುರುವಾಗಿ ಸಿಗರೇಟಿಗೆ ಬಂದು ನಿಂತ ಚಟ ಅವರದು. ಅಲ್ಲಿ ಸಿಗರೇಟು ಬಿಡಿಸುವ ಸರ್ಕಾರಿ ಸೇವೆಯವರು ಈ ಯಂತ್ರ ಕೊಟ್ಟಿದ್ದಾರೆ. ಸಿಗರೇಟಿಗಿಂತ ಅಪಾಯ ಕಡಿಮೆ, ಆದರೆ ಅಪಾಯವೇ ಇಲ್ಲ ಅಂತಲ್ಲ, ಸೇದದವರು ಮುಟ್ಟಲೇಬಾರದು ಅನ್ನುವುದು ಅಲ್ಲಿನವರ ಸಲಹೆ. ಜೊತೆಗೆ ಕೊಟ್ಟ ಕಾಗದ ಇಂಗ್ಲಿಷಿನಲ್ಲಿದೆ. ಭಾವನವರಿಗೆ ಇಂಗ್ಲಿಷ್ ಬಾರದು, ಮಗನಿಗೆ ಕೂತು ಹೇಳಿಕೊಡಲು ಪುರುಸೊತ್ತಿಲ್ಲ. ಪೆಟ್ಟಿಗೆ ಮೇಲಿರುವುದನ್ನು ಅವನು ಒಮ್ಮೆ ಓದಿ ಹೇಳಿದನಂತೆ, ಅಷ್ಟೇ. ಫೋನಿನಲ್ಲಿ ಅವರು ನನ್ನನ್ನು ಕೇಳಿದ್ದು: “ಅಲ್ಲಪ್ಪಾ, ಓಮ್ ಒಂದೂ ಕಾಲೋ ಏನೋ ಅಂತ ಬರದಾರಂತೆ. ಒಳಗೆ ಓಂಕಾಳು ಹಾಕ್ಯಾರೇನು?”

ನಕ್ಕು ಸುಮ್ಮನಾಗಬಹುದಿತ್ತು. ಆದರೆ ಆ ಓಮ್ ಹತ್ತಿರವೇ ನನ್ನ ದೊಡ್ಡ ತೊಡಕಿದೆ. ಅದಕ್ಕೆ ಬರುತ್ತೇನೆ.

ಮೊದಲು ಕಾಯಿಲ್. ಪುಸ್ತಕದಲ್ಲಿ ಸುರುಳಿ ಅಂತಿದೆ. ನಮ್ಮ ಕಡೆ ಬೋರ್‌ವೆಲ್ ಮೋಟಾರು ಸುಟ್ಟರೆ ಯಾರೂ ಸುರುಳಿ ಸುಟ್ಟಿತು ಅನ್ನುವುದಿಲ್ಲ, ಕಾಯಿಲ್ ಹೋಯ್ತು ಅಂತಲೇ ವೈಂಡಿಂಗ್ ಅಂಗಡಿಗೆ ಹೊತ್ತು ತರುತ್ತಾರೆ. ಇಲ್ಲೂ ಕಾಯಿಲ್ ಅಂತಲೇ ಇಟ್ಟಿದ್ದೇನೆ. ಇನ್ನೊಂದು ಕಾರಣವೂ ಇದೆ. ವೇಪ್‌ನವರು ಕಾಯಿಲ್ ಅನ್ನುವುದು ಬರೀ ಸುತ್ತಿದ ತಂತಿಗಲ್ಲ. ತಂತಿ, ಅದಕ್ಕೆ ತಾಗಿಕೊಂಡಿರುವ ಹತ್ತಿ, ಎರಡನ್ನೂ ಹಿಡಿದಿಟ್ಟ ಲೋಹದ ಗೂಡು, ಎಲ್ಲ ಸೇರಿ ಕಾಯಿಲ್. ಹಳತಾದರೆ ಗೂಡು ಸಮೇತ ತೆಗೆದು ಹೊಸದು ಹಾಕಬೇಕು. ‘ಸುರುಳಿ ಬದಲಿಸಿ’ ಅಂತ ಬರೆದರೆ ಭಾವನವರು ಚಿಮಟ ಹಿಡಿದು ತಂತಿ ಬಿಚ್ಚಲು ಕೂರುತ್ತಾರೆ. ಅಂಥ ಜೀವ ಅದು.

ಒಳಗಿನ ಹತ್ತಿಗೆ ಬತ್ತಿ ಅನ್ನೋಣ ಅಂತಿದ್ದೆ. ಕೆಲಸ ಬತ್ತಿಯದೇ, ದ್ರವ ಹೀರಿಕೊಂಡು ಬಿಸಿ ತಂತಿಯ ಹತ್ತಿರ ತರುವುದು. ಆದರೆ ಬತ್ತಿ ಅಂದ ಕೂಡಲೇ ಹಚ್ಚಬೇಕು ಅನ್ನಿಸುತ್ತದೆ ಅಲ್ವಾ? ದೀಪದ ಬತ್ತಿ, ಊದುಬತ್ತಿ, ಸೊಳ್ಳೆ ಬತ್ತಿ, ಎಲ್ಲವನ್ನೂ ಹಚ್ಚುತ್ತೇವೆ. ಇಲ್ಲಿ ಬತ್ತಿ ಸುಡಲೇಬಾರದು. ಸುಟ್ಟರೆ ಕಾಯಿಲ್ ಕಥೆ ಮುಗಿಯಿತು. ಅದಕ್ಕೇ ‘ಅರಳೆ’ ಅಂತ ಬರೆದಿದ್ದೇನೆ. ಬೀಜ ತೆಗೆದು ಹಸನು ಮಾಡಿದ ಹತ್ತಿಗೆ ಅರಳೆ ಅನ್ನುವುದು ಗಿರಣಿ ಊರಿನವರಿಗೆ ಹೇಳಿಕೊಡಬೇಕಿಲ್ಲ. ಕರಾವಳಿ, ಮೈಸೂರು ಕಡೆಯವರಿಗೆ ಅರಳೆ ಈಗಲೂ ಬಳಕೆಯಲ್ಲಿದೆಯಾ, ತಿಳಿಸಿ.

ಒಳಗೆ ತುಂಬುವ ದ್ರವಕ್ಕೆ ಭಾವನವರು ಆಗಲೇ ಎಣ್ಣೆ ಅಂತ ಹೆಸರಿಟ್ಟಿದ್ದಾರೆ. ಈ ಒಂದು ಪದವನ್ನು ಮಾತ್ರ ನಾನು ಒಪ್ಪುವುದಿಲ್ಲ. ಎಣ್ಣೆಗೆ ನಮ್ಮಲ್ಲಿ ಇರುವ ಇನ್ನೊಂದು ಅರ್ಥ ಎಲ್ಲರಿಗೂ ಗೊತ್ತು, ಅದಲ್ಲ ನನ್ನ ತಕರಾರು. ಆ ದ್ರವದಲ್ಲಿರುವುದು ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ನಿಕೋಟಿನ್, ಒಂದಿಷ್ಟು ರುಚಿ. ನಿಜವಾದ ಎಣ್ಣೆಯನ್ನು ಬಿಸಿ ಮಾಡಿ ಎದೆಗೆ ಎಳೆದುಕೊಂಡರೆ ಶ್ವಾಸಕೋಶ ಕೆಡುತ್ತದೆ. 2019ರಲ್ಲಿ ಅಮೆರಿಕದಲ್ಲಿ ವೇಪ್ ಸೇದಿದ ಎಷ್ಟೋ ಜನ ಆಸ್ಪತ್ರೆ ಸೇರಿದರು, ಕೆಲವರು ಸತ್ತೂ ಹೋದರು. ಅದರಲ್ಲಿ ಮುಖ್ಯವಾಗಿ ಸಿಕ್ಕಿಬಿದ್ದದ್ದು ಗಾಂಜಾ ದ್ರವಕ್ಕೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್, ಎಣ್ಣೆಯಂಥ ವಸ್ತು. ಕೈಪಿಡಿಯಲ್ಲಿ ಎಣ್ಣೆ ಅಂತ ಬರೆದು, ಯಾರೋ ಒಬ್ಬರು ಮನೆಯ ನೀಲಗಿರಿ ಎಣ್ಣೆ ಎರಡು ಹನಿ ಬಿಟ್ಟುಕೊಂಡರೆ? ‘ದ್ರವ’ ಸಪ್ಪೆ ಅನ್ನಿಸಿದರೂ ಅದೇ ಇರಲಿ.

ಈಗ ಓಮ್‌ಗೆ ಬರೋಣ.

ಹತ್ತನೇ ತರಗತಿಯ ಕನ್ನಡ ಮಾಧ್ಯಮದ ಪುಸ್ತಕದಲ್ಲಿ ಇದು ‘ರೋಧ’ದ ಅಳತೆ, ಅಂದರೆ ಕರೆಂಟಿನ ಹರಿವಿಗೆ ತಂತಿ ಎಷ್ಟು ಅಡ್ಡಿ ಮಾಡುತ್ತದೆ ಅನ್ನುವುದು. ತಡೆ ಅಂದರೂ ಆಗುತ್ತದೆ, ನನಗೆ ತಡೆ ಇಷ್ಟ. ಪದ ಸಿಕ್ಕಿತು, ಸರಿ. ಆದರೆ ವಾಕ್ಯ ಕೈ ಕೊಡುತ್ತಿದೆ. ಕೈಪಿಡಿಯಲ್ಲಿ ಹೇಳಬೇಕಾದ ಮುಖ್ಯ ಮಾತು ಇದು: ಹೊಸಬರು ಕಡಿಮೆ ಓಮ್‌ನ ಕಾಯಿಲ್ ಹಾಕಬೇಡಿ, 1 ಓಮ್‌ಗಿಂತ ಮೇಲಿನದನ್ನು ಹಾಕಿ. ಈ ವಾಕ್ಯ ಓದಿದ ಯಾರಿಗಾದರೂ ಏನನ್ನಿಸುತ್ತದೆ? ಖಾರ ಕಡಿಮೆ, ಡೋಸು ಕಡಿಮೆ, ಸ್ಪೀಡು ಕಡಿಮೆ ಅಂದರೆ ನಮಗೆ ಹಗುರ, ಸೌಮ್ಯ. ಕಡಿಮೆಯಿಂದ ಶುರು ಮಾಡಿ ಮೆಲ್ಲಗೆ ಏರಿಸುವುದು ಲೋಕದ ರೂಢಿ. ಭಾವನವರ ಪೆಟ್ಟಿಗೆಯಲ್ಲಿ ಎರಡು ಕಾಯಿಲ್ ಇವೆ, ಒಂದು 1.2 ಓಮ್, ಒಂದು 0.6. ‘ಮೊದಲು ಕಡಿಮೆದು ಹಾಕಿ ನೋಡ್ತೀನಿ, ಆಮೇಲೆ ಜಾಸ್ತಿದು’ ಅಂದರು. ಸರಿಯಾಗಿ ತಿರುಗುಮುರುಗು.

ಲೆಕ್ಕ ಹೀಗಿದೆ. ವೋಲ್ಟ್ ಅಷ್ಟೇ ಇದ್ದರೆ, ಓಮ್ ಇಳಿದಷ್ಟೂ ವ್ಯಾಟ್ ಏರುತ್ತದೆ. ವೋಲ್ಟನ್ನು ವೋಲ್ಟ್‌ನಿಂದಲೇ ಗುಣಿಸಿ ಓಮ್‌ನಿಂದ ಭಾಗಿಸಿದರೆ ವ್ಯಾಟ್. ಒಂದು ಲಿಥಿಯಂ ಬ್ಯಾಟರಿ ಸಾಮಾನ್ಯವಾಗಿ 3.7 ವೋಲ್ಟ್ ಕೊಡುತ್ತದೆ. ಅದನ್ನು ನೇರವಾಗಿ 1.2 ಓಮ್ ಕಾಯಿಲ್‌ಗೆ ಕೊಟ್ಟರೆ 11 ವ್ಯಾಟ್ ಚಿಲ್ಲರೆ. 0.6ಕ್ಕೆ ಕೊಟ್ಟರೆ ಅದರ ಎರಡರಷ್ಟು, 23ರ ಹತ್ತಿರ. ಮನೆಯ ಕರೆಂಟ್ ಒಲೆಯೂ ಹಾಗೇ. 230 ವೋಲ್ಟ್‌ಗೆ 1000 ವ್ಯಾಟ್ ಕಾಯಿಲ್ ಸುಮಾರು 53 ಓಮ್, 2000 ವ್ಯಾಟ್‌ನದು 26. ಹಳೇ ಒಲೆ ಇಟ್ಟುಕೊಂಡಿದ್ದವರಿಗೆ ಇದು ಕಣ್ಣಿಗೇ ಕಂಡಿರುತ್ತದೆ. ಕಾಯಿಲ್ ತುಂಡಾದರೆ ಎರಡು ತುದಿ ಎಳೆದು ತಿರುಚಿ, ಗಂಟು ಹಾಕಿ ಮತ್ತೆ ಕೂರಿಸುತ್ತಿದ್ದೆವು. ಉದ್ದ ಒಂದಿಷ್ಟು ಕಡಿಮೆಯಾಗುತ್ತಿತ್ತು. ಆಮೇಲೆ ಅದು ಮೊದಲಿಗಿಂತ ಜಾಸ್ತಿ ಕೆಂಪಾಗಿ ಕಾಯುತ್ತಿತ್ತು, ಸ್ವಲ್ಪ ದಿನಕ್ಕೆ ಪಕ್ಕದಲ್ಲೇ ಇನ್ನೊಂದು ಕಡೆ ತುಂಡಾಗುತ್ತಿತ್ತು.

ವ್ಯಾಟ್ ಹೊಂದಿಸುವ ಗುಂಡಿ ಇರುವ ಯಂತ್ರಗಳಲ್ಲಿ ವೋಲ್ಟನ್ನು ಒಳಗಿನ ಎಲೆಕ್ಟ್ರಾನಿಕ್ ಚಿಪ್ ತಾನೇ ನೋಡಿಕೊಳ್ಳುತ್ತದೆ, ಹಾಗಾದರೆ ಓಮ್ ಯಾಕೆ ಮುಖ್ಯ ಅಂತ ಇಲ್ಲಿನ ಎಂಜಿನಿಯರುಗಳು ಕೇಳಬಹುದು. ನಿಜ. ಆದರೂ ಕಡಿಮೆ ಓಮ್‌ನ ಕಾಯಿಲ್‌ಗಳನ್ನು ಜಾಸ್ತಿ ವ್ಯಾಟ್‌ಗೆ ಅಂತಲೇ ಕಟ್ಟಿರುತ್ತಾರೆ. ತಂತಿ ದಪ್ಪ ಅಥವಾ ಅಗಲ, ಅರಳೆ ಜಾಸ್ತಿ, ಗಾಳಿ ಬರುವ ದಾರಿ ದೊಡ್ಡದು. ಮಗ ಓದಿ ಹೇಳಿದಂತೆ 1.2ರ ಗೂಡಿನ ಮೇಲೆ 10ರಿಂದ 12 ವ್ಯಾಟ್ ಅಂತ ಕೆತ್ತಿದೆ, 0.6ರ ಮೇಲೆ 20ರಿಂದ 25. ಮೊದಲನೆಯದು ಸಿಗರೇಟಿನಂತೆ ಬಿಗಿಯಾಗಿ ಬಾಯಿಗೆ ಎಳೆದು ಆಮೇಲೆ ಒಳಗೆ ತೆಗೆದುಕೊಳ್ಳಲು. ಎರಡನೆಯದು ಸಡಿಲ, ಹೊಗೆ ಜಾಸ್ತಿ, ನೇರ ಎದೆಗೆ. ಇಂಗ್ಲೆಂಡಿನಲ್ಲಿ ದ್ರವದಲ್ಲಿ ನಿಕೋಟಿನ್ ಒಂದು ಮಿಲಿಲೀಟರಿಗೆ 20 ಮಿಲಿಗ್ರಾಂ ಮೀರುವಂತಿಲ್ಲ. ಆ 20ರ ದ್ರವವನ್ನೇ 0.6ರ ಕಾಯಿಲ್‌ಗೆ ತುಂಬಿ ಎದೆ ತುಂಬ ಎಳೆದರೆ ತಲೆ ತಿರುಗುತ್ತದೆ, ಹೊಟ್ಟೆ ತೊಳಸುತ್ತದೆ. ‘ಕಡಿಮೆ’ ಅನ್ನುವ ಒಂದು ಪದವನ್ನು ಸುಮ್ನೆ ಬಿಟ್ಟರೆ ಆಗುವುದು ಇದು.

ಹಳೇ ಪೇಟೆ ಕಡೆಯ ಒಂದು ವೈಂಡಿಂಗ್ ಅಂಗಡಿಯಲ್ಲಿ ಕೇಳಿದೆ. ಮೀಟರಿನ ಎರಡು ಕಡ್ಡಿ ಹಿಡಿದುಕೊಂಡೇ ಆತ ಹೇಳಿದ್ದು: “ನಮಗೆ ಓಮ್ ಕಮ್ಮಿ ತೋರಿಸ್ತು ಅಂದ್ರೆ ಒಳಗೆ ಸುತ್ತು ಶಾರ್ಟ್ ಆಗೈತೆ ಅಂತ ಸಾರ್. ಕಮ್ಮಿ ಅಂದ್ರೇನೇ ಭಯ.” ಅಂದರೆ ಕಸುಬಿನವರ ಕಿವಿಗೆ ಕಡಿಮೆ ಓಮ್ ಅಪಾಯದ ಮಾತು, ಮನೆಯವರ ಕಿವಿಗೆ ಸೌಮ್ಯದ ಮಾತು. ಕೈಪಿಡಿ ಓದುವವರು ಮನೆಯವರು.

ಹಾಗಾಗಿ ಓಮನ್ನು ಹಿಂದಕ್ಕೆ ಹಾಕಿ, ಕಾಯಿಲ್‌ಗಳಿಗೆ ಕಾವಿನ ಹೆಸರು ಕೊಟ್ಟರೆ ಹೇಗೆ? 1.2ರದ್ದು ‘ಸಣ್ಣ ಕಾವಿನ ಕಾಯಿಲ್’, 0.6ರದ್ದು ‘ದೊಡ್ಡ ಕಾವಿನ ಕಾಯಿಲ್’. ‘ಶುರುವಿಗೆ ಸಣ್ಣ ಕಾವಿನದನ್ನು ಹಾಕಿ. ಅದರ ಮೇಲೆ 1.2 ಓಮ್ ಅಂತ ಇರುತ್ತದೆ.’ ಅಂಕಿ ಗುರುತಿಗೆ ಮಾತ್ರ. ಸಣ್ಣ ಉರಿ, ದೊಡ್ಡ ಉರಿ ಎಲ್ಲರ ಬಾಯಲ್ಲೂ ಇದೆ. ಆದರೆ ಇಲ್ಲಿ ಉರಿಯೇ ಇಲ್ಲ, ಬೆಂಕಿ ಇಲ್ಲದೆ ಕಾಯುವ ತಂತಿ. ಅದಕ್ಕೇ ಕಾವು. ‘ಸಣ್ಣ ಕಾವು’ ನಿಮ್ಮ ಕಿವಿಗೆ ಒಪ್ಪುತ್ತದೆಯಾ? ನಮ್ಮ ಮನೆಯಲ್ಲಿ ಒಬ್ಬರು ಹೂಂ ಅಂದರು, ಇನ್ನೊಬ್ಬರು ಕೋಳಿ ಮರಿ ಮಾಡಿಸ್ತೀಯಾ ಅಂದರು.

ಇದೇ ಕಾವನ್ನು ವ್ಯಾಟ್ ಗುಂಡಿಗೂ ಬಳಸಬೇಕು ಅಂತಿದ್ದೇನೆ. ಪಠ್ಯಪುಸ್ತಕದ ‘ಸಾಮರ್ಥ್ಯ’ ಇಲ್ಲಿ ನಡೆಯುವುದಿಲ್ಲ. ತೊಟ್ಟಿಯಲ್ಲಿ ಎಷ್ಟು ದ್ರವ ಹಿಡಿಯುತ್ತದೆ ಅನ್ನುವುದೂ ಸಾಮರ್ಥ್ಯ, ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಅನ್ನುವುದೂ ಸಾಮರ್ಥ್ಯ, ವ್ಯಾಟೂ ಸಾಮರ್ಥ್ಯ. ಒಂದೇ ಪುಟದಲ್ಲಿ ಮೂರು ಬಂದರೆ ಓದುವವರು ಏನು ಮಾಡಬೇಕು? ‘ಪವರ್’ ಅಂದರೆ ನಮ್ಮಲ್ಲಿ ಹೋಗುವುದು, ಬರುವುದು, ಇಲ್ಲವೇ ಕನ್ನಡಕದ್ದು. ‘ಕಾವನ್ನು 10ಕ್ಕೆ ಇಡಿ. ಸಪ್ಪೆ ಅನ್ನಿಸಿದರೆ ಒಂದೊಂದೇ ವ್ಯಾಟ್ ಏರಿಸಿ. ಹದ ಸಿಕ್ಕ ಕಡೆ ನಿಲ್ಲಿಸಿ. 12 ದಾಟಬೇಡಿ.’ ಇದು ಸಲೀಸಾಗಿ ಓದಿಸಿಕೊಳ್ಳುತ್ತದೆ, ‘ಹದ’ ತಾನಾಗಿಯೇ ಬಂದು ಕೂತಿತು.

ಆಕ್ಷೇಪ ಬರುವುದಿದ್ದರೆ ಇಲ್ಲೇ ಬರುತ್ತದೆ. ಕೆಲವು ಯಂತ್ರಗಳಲ್ಲಿ ವ್ಯಾಟ್ ಬೇರೆ, ಡಿಗ್ರಿ ಲೆಕ್ಕದಲ್ಲಿ ಬಿಸಿ ಹೊಂದಿಸುವುದು ಬೇರೆ. ನಿಕಲ್, ಟೈಟೇನಿಯಂ, ಸ್ಟೇನ್‌ಲೆಸ್ ಸ್ಟೀಲ್ ತಂತಿಗೆ ಮಾತ್ರ ಅದು ಕೆಲಸ ಮಾಡುತ್ತದೆ, ಕಾಂತಾಲ್ ಅನ್ನುವ ಮಿಶ್ರಲೋಹದ ತಂತಿಗೆ ಆಗುವುದಿಲ್ಲ. ವ್ಯಾಟ್‌ಗೆ ಕಾವು ಅಂದುಬಿಟ್ಟರೆ ಆ ಡಿಗ್ರಿಗೆ ಏನನ್ನಬೇಕು? ಭಾವನವರ ಯಂತ್ರದಲ್ಲಿ ಆ ಸೌಲಭ್ಯ ಇಲ್ಲ, ಹೊಸಬರಿಗೆ ಬೇಕಾಗಿಯೂ ಇಲ್ಲ. ಆದರೂ ಮುಂದೆ ಯಾರಾದರೂ ದೊಡ್ಡ ಕೈಪಿಡಿ ಬರೆದರೆ ಈ ಪದ ಅವರಿಗೆ ಅಡ್ಡ ಬರಬಾರದು.

ಇನ್ನು ಕೆಡುವ ಸಂಗತಿ. ಹೊಸ ಕಾಯಿಲ್ ಹಾಕಿದ ಮೇಲೆ ಅರಳೆಗೆ ಒಂದೆರಡು ಹನಿ ದ್ರವ ಬಿಟ್ಟು, ತೊಟ್ಟಿ ತುಂಬಿ, ಐದಾರು ನಿಮಿಷ ನೆನೆಯಲು ಬಿಡಬೇಕು. ಒಣ ಅರಳೆಯ ಮೇಲೆ ಗುಂಡಿ ಒತ್ತಿದರೆ ಅದು ಕರಕಾಗುತ್ತದೆ, ಗಂಟಲು ಹಿಡಿದು ಕೆಮ್ಮು ಬರುತ್ತದೆ. ಕಾವು ಮೀರಿ ಏರಿಸಿದರೂ ಇದೇ ಪಾಡು. ಗ್ಲಿಸರಿನ್ ಜಾಸ್ತಿ ಇರುವ ಮಂದ ದ್ರವವನ್ನು ಸಣ್ಣ ಕಾವಿನ ಕಾಯಿಲ್‌ಗೆ ತುಂಬಿದರೂ ಅಷ್ಟೇ, ಅರಳೆ ಹೀರಿಕೊಳ್ಳುವುದು ನಿಧಾನವಾಗುತ್ತದೆ. ಆ ರುಚಿಗೆ ‘ಸುಟ್ಟ ರುಚಿ’ ಅಂದರೆ ಸಾಲದು. ಅನ್ನ ತಳ ಹಿಡಿದಾಗ ಸೀದ ವಾಸನೆ ಅನ್ನುತ್ತೇವೆ, ಒಗ್ಗರಣೆ ಮೀರಿದರೆ ಕಮರು ಅನ್ನುತ್ತೇವೆ. ನಾನು ‘ಸೀದ ದಮ್ಮು’ ಅಂತ ಬರೆದಿದ್ದೇನೆ. ‘ಸೀದ ದಮ್ಮು ಒಂದು ಸಲ ಬಂದರೆ ತಕ್ಷಣ ನಿಲ್ಲಿಸಿ, ಕಾವು ಇಳಿಸಿ, ದ್ರವ ಇದೆಯಾ ನೋಡಿ. ಮತ್ತೆ ಮತ್ತೆ ಬಂದರೆ ಕಾಯಿಲ್ ಬದಲಿಸಿ.’ ಸೀದದ್ದೋ ಕಮರಿದ್ದೋ, ಅಡುಗೆಮನೆ ಬಲ್ಲವರು ಹೇಳಬೇಕು. ಬಟ್ಟೆ, ಹತ್ತಿ ಹೊತ್ತಿದಾಗ ಬರುವ ವಾಸನೆಗೆ ಬೇರೆಯೇ ಪದ ಇದ್ದರೆ ಇನ್ನೂ ಒಳ್ಳೆಯದು. ಭಾವನವರನ್ನು ಕೇಳಿದರೆ ಗಿರಣಿಯಲ್ಲಿ ಆ ವಾಸನೆ ಬಂದರೆ ಪದ ಹುಡುಕ್ತಿರಲಿಲ್ಲ, ಓಡ್ತಿದ್ವಿ ಅನ್ನುತ್ತಾರೆ.

ಕ್ರಿಯಾಪದಕ್ಕೆ ಜಾಸ್ತಿ ತಲೆ ಕೆಡಿಸಿಕೊಂಡಿಲ್ಲ. ಸೇದು ಇದೆಯಲ್ಲ. ಬಾವಿಯಿಂದ ನೀರು ಸೇದಿದ ಹಾಗೆ ಇದನ್ನೂ ಸೇದುತ್ತಾರೆ, ಆ ಪದದಲ್ಲಿ ಬೆಂಕಿಯೂ ಇಲ್ಲ, ಹೊಗೆಯೂ ಇಲ್ಲ. ಹೊರಬರುವುದಕ್ಕೆ ಮಾತ್ರ ಮೇಲೆ ನಾನೇ ಹೊಗೆ ಅಂದಿದ್ದೇನೆ, ಕೈಪಿಡಿಯಲ್ಲಿ ಆವಿ ಅಂತ ಮಾಡಿದ್ದೇನೆ. ಸರಿಯಾಗಿ ನೋಡಿದರೆ ಅದು ಆವಿಯೂ ಅಲ್ಲ, ಗಾಳಿಯಲ್ಲಿ ತೇಲುವ ಸಣ್ಣ ಸಣ್ಣ ಹನಿ. ಇಷ್ಟು ಸಾಕು ಅನ್ನಿಸುತ್ತದೆ.

ಒಟ್ಟಿನಲ್ಲಿ ನನಗೆ ತುರ್ತಾಗಿ ಬೇಕಾಗಿರುವುದು ‘ಸಣ್ಣ ಕಾವಿನ ಕಾಯಿಲ್’ ಬಗ್ಗೆ ನಿಮ್ಮ ಮಾತು, ಮತ್ತೆ ಸೀದ, ಕಮರಿದ ಎರಡರಲ್ಲಿ ಒಂದು. ಚಿತ್ರದುರ್ಗ, ಜಗಳೂರು ಕಡೆ ಕಾವಿಗೆ ಬೇರೆ ಮಾತಿದ್ದರೆ ಅದನ್ನೂ ಬರೆಯಿರಿ. ಭಾವನವರು ಸದ್ಯಕ್ಕೆ ಎರಡೂ ಕಾಯಿಲ್ ಪೆಟ್ಟಿಗೆಯಲ್ಲೇ ಇಟ್ಟು ನನ್ನ ಕಾಗದಕ್ಕೆ ಕಾಯುತ್ತಿದ್ದಾರೆ. ಅಲ್ಲಿಯವರೆಗೆ ಸಿಗರೇಟು ನಡೆದೇ ಇದೆ.

ವಂದನೆಗಳು