ಸಹಾಯ ಬೇಕು: ಟೂರಿಂಗ್ ಸೈಕಲ್‌ಗೆ 22 ಹಲ್ಲಿನ ಚೈನ್‌ರಿಂಗ್ (ಪೆಡಲ್ ಬಳಿಯ ಹಲ್ಲುಚಕ್ರ)

ಹಾಸನ, ಚಿಕ್ಕಮಗಳೂರು ಕಡೆ ಯಾರಾದ್ರೂ ಇದನ್ನ ಮಾಡಿದೀರಾ? ಈಗ ಮುಂದೆ 48-36-26 ಹಲ್ಲಿನ ಮೂರು ರಿಂಗ್, ಹಿಂದೆ 9 ಸ್ಪೀಡ್ 11-34 (ಚಿಕ್ಕ ಚಕ್ರ 11 ಹಲ್ಲು, ದೊಡ್ಡದು 34). ಲಗೇಜ್ ಹೇರಿಕೊಂಡು ಮುಳ್ಳಯ್ಯನಗಿರಿ ಏರಿಗೆ ಇದು ಸಾಲಲ್ಲ. ಒಳಗಿನ ರಿಂಗ್‌ನ ಬೋಲ್ಟ್‌ಗಳು 64 ಎಂಎಂ ವ್ಯಾಸದ ವೃತ್ತದಲ್ಲಿವೆ, 22 ಸಲೀಸಾಗಿ ಕೂರುತ್ತೆ.

ಹಿಂದಿನ ಡಿರೇಲರ್ (ಗೇರ್ ಬದಲಿಸಿ ಚೈನ್ ಬಿಗಿ ಹಿಡಿಯೋ ಭಾಗ) ಸಾಮರ್ಥ್ಯ 45 ಹಲ್ಲು, ಮುಂದಿನ ವ್ಯತ್ಯಾಸ 22, ಹಿಂದಿನದು 23 ಸೇರಿ ಈಗಲೇ ಅಷ್ಟಿದೆ. 22 ಹಾಕಿದ್ರೆ 49. ಚೈನ್ ಗಿಡ್ಡ ಮಾಡಿ ಅನ್ನಬೇಡಿ, ತಪ್ಪಿ ಮುಂದೆ 48, ಹಿಂದೆ 34ಕ್ಕೆ ಹಾಕಿದ್ರೆ ಡಿರೇಲರ್ ಕೂರೋ ಹ್ಯಾಂಗರೇ ಮುರಿಯುತ್ತೆ. 22ರಲ್ಲಿದ್ದಾಗ ಹಿಂದೆ 11, 13 ಮುಟ್ಟದಿದ್ರೆ ಚೈನ್ ಜೋಲಲ್ಲ, ಅದು ಸರಿ.

ಅನುಮಾನ ಇರೋದು ಮುಂದಿನ ಡಿರೇಲರ್ ಮೇಲೆ. ಅದರ ಮಿತಿ ದೊಡ್ಡ-ಚಿಕ್ಕ ರಿಂಗ್ ನಡುವೆ 22 ಹಲ್ಲಿನ ವ್ಯತ್ಯಾಸ, ಇಲ್ಲಿ 26 ಆಗುತ್ತೆ. ಚೈನ್ ತಳ್ಳೋ ಅದರ ಕೇಜ್‌ನ ಹಿಂದಿನ ತುದಿಗೆ ಚೈನ್ ಉಜ್ಜುತ್ತಾ? 36ರಿಂದ ಇಳಿಸುವಾಗ ಒಳಗೆ ಬೀಳದಿರೋಕೆ ಲೋ ಸ್ಕ್ರೂ (ಡಿರೇಲರ್ ಒಳಗೆ ಎಷ್ಟು ಸರಿಯಬೇಕು ಅಂತ ತಡೆಯೋದು) ಬಿಗಿ ಸಾಕಾ, ಚೈನ್ ಬೀಳದಂತೆ ಹಿಡಿಯೋ ಚೈನ್ ಕ್ಯಾಚರ್ ಬೇಕೇ ಬೇಕಾ? ಹಾಕಿ ಓಡಿಸಿದವರು ಹೇಳಿ, ಫೋಟೋ ಇದ್ದರೆ ಇನ್ನೂ ಒಳ್ಳೇದು.